ಸರ್ವಸಮ್ಮತಿಗೆ ಒಂದು ಕೈ ಕಡಿಮೆ

ಗ್ರೇಟರ್ ನೋಯ್ಡಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಮೀಟಿಂಗ್ ಎಂದರೆ ಮೊದಲು ನೆನಪಾಗುವುದು ಸಮೋಸ. ಭಾನುವಾರ ಬೆಳಗ್ಗೆ ಕ್ಲಬ್‌ಹೌಸಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರೆ. ಕಮಿಟಿಯವರು ಮುಂದೆ ಕೂರುತ್ತಾರೆ, ಸೆಕ್ರೆಟರಿ ಒಂದೊಂದೇ ವಿಷಯ ಓದುತ್ತಾರೆ, ನಾವು ಕೈ ಎತ್ತುತ್ತೇವೆ, ಆಮೇಲೆ ಸಮೋಸ ತಿನ್ನುತ್ತೇವೆ. ನೀರಿನ ಟ್ಯಾಂಕ್ ತೊಳೆಸುವುದು, ಲಿಫ್ಟ್ ರಿಪೇರಿ, ಹೋಳಿ ಹಬ್ಬಕ್ಕೆ ಡಿಜೆ ಇರಬೇಕೋ ಬೇಡವೋ, ಎಲ್ಲವೂ ಹೀಗೇ ತೀರ್ಮಾನವಾಗುತ್ತದೆ. ನಮ್ಮ ಸೆಕ್ರೆಟರಿ ಬ್ಯಾಂಕಿನಿಂದ ನಿವೃತ್ತರಾದವರು, ಯಾರೊಡನೆಯೂ ದನಿ ಏರಿಸದ ಮನುಷ್ಯ. ಪ್ರತಿ ವಿಷಯ ಮುಗಿದಾಗಲೂ "ಸರ್ವಸಮ್ಮತಿ ಸೇ" ಎಂದು ಹೇಳುತ್ತಾರೆ. ಹಾಗೆ ಹೇಳುವಾಗ ಅವರ ಮುಖದಲ್ಲಿ ಮಗಳ ಮದುವೆಯನ್ನು ಸುಸೂತ್ರವಾಗಿ ಮುಗಿಸಿದ ತಂದೆಯ ತೃಪ್ತಿ ಕಾಣುತ್ತದೆ.

ಕೈ ಎತ್ತುವುದರಲ್ಲಿ ನಾನು ಯಾರಿಗೂ ಕಡಿಮೆಯವಳಲ್ಲ. ಮದುವೆಯಾಗಿ ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ಗೆ ಬಂದಾಗಲೇ ಆ ಅಭ್ಯಾಸ ಆಗಿತ್ತು. ಆಗ ನನಗೆ "ಪಾನಿ", "ಅಚ್ಛಾ" ಬಿಟ್ಟರೆ ಹಿಂದಿ ಬರುತ್ತಿರಲಿಲ್ಲ. ಅಕ್ಕಪಕ್ಕದವರಿಗೆ ನಾನು ಮದ್ರಾಸಿ ಭಾಭಿ. ನಾನು ಮದ್ರಾಸನ್ನು ಕಂಡೇ ಇಲ್ಲ, ನಮ್ಮದು ಹಾಸನ ಎಂದು ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಬಿಟ್ಟುಬಿಟ್ಟೆ. ಚಳಿಗಾಲದ ಬಿಸಿಲಲ್ಲಿ ಹೆಂಗಸರೆಲ್ಲ ಹುಲ್ಲುಹಾಸಿನ ಮೇಲೆ ಕೂತು ಬಟಾಣಿ ಸುಲಿಯುವಾಗ ನಾನೂ ಸುಲಿಯುತ್ತಿದ್ದೆ. ಎಲ್ಲರೂ ನಕ್ಕರೆ ಅರ್ಥವಾಗದಿದ್ದರೂ ನಗುತ್ತಿದ್ದೆ. ನಮ್ಮ ಕಡೆ ಕರ್ವಾ ಚೌತ್ ಇಲ್ಲ. "ಗಂಡನಿಗಾಗಿ ಒಂದು ದಿನ ಉಪವಾಸ ಇರುವುದಕ್ಕೂ ಆಗುವುದಿಲ್ಲವೇ?" ಎಂದು ಎದುರುಮನೆಯವರು ಕೇಳಿದ ವರ್ಷದಿಂದ ಇಂದಿನವರೆಗೂ ತಪ್ಪದೆ ಮಾಡುತ್ತಿದ್ದೇನೆ. ಜರಡಿಯಲ್ಲಿ ಚಂದ್ರನನ್ನು ನೋಡುವಾಗ ಈಗ ನಿಜವಾಗಿಯೂ ಏನೋ ಆಗುತ್ತದೆ. ಅದು ಭಕ್ತಿಯೋ ರೂಢಿಯೋ ಹಸಿವೋ, ನನಗೆ ಬೇರೆ ಮಾಡಿ ನೋಡಲು ಬಂದಿಲ್ಲ.

ನಾನು ಹೇಳಹೊರಟ ಮೀಟಿಂಗು ಮಳೆಗಾಲದ ಕೊನೆಯಲ್ಲಿ ನಡೆಯಿತು. ಕೇಂದ್ರ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿದ್ದ ನನ್ನ ಯಜಮಾನರು ನಿವೃತ್ತರಾಗಿ, ನಾವು ಈ ಫ್ಲ್ಯಾಟಿಗೆ ಬಂದು ಕೆಲವು ವರ್ಷಗಳಾಗಿದ್ದವು. ಅಂದು ನಾನು ನಡುವೆ ಎದ್ದು, ಹೊರಗಿನ ಮೇಜಿನಿಂದ ಅವರಿಗೊಂದು ನನಗೊಂದು ಚಹಾ ತರಲು ಹೋಗಿದ್ದೆ. ಒಳಗೆ ಯಾವ ವಿಷಯ ನಡೆಯುತ್ತಿದೆ ಎಂದು ನನಗೆ ಗೊತ್ತಿತ್ತು, ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಮೊದಲೇ ಹಾಕಿದ್ದರು. ಪಾರ್ಕಿನ ಬೆಂಚುಗಳ ಮೇಲೆ ಇನ್ನು ನಿವಾಸಿಗಳು ಮಾತ್ರ ಕೂರಬೇಕು. ಮನೆಗೆಲಸಕ್ಕೆ ಬರುವ ಹೆಂಗಸರು ಒಂದು ಮನೆಯ ಕೆಲಸ ಮುಗಿಸಿ ಇನ್ನೊಂದು ಮನೆಗೆ ಹೋಗುವ ನಡುವೆ ಮಧ್ಯಾಹ್ನ ಅಲ್ಲಿ ಕೂರುತ್ತಿದ್ದರು. ಡಬ್ಬಿ ಬಿಚ್ಚುತ್ತಿದ್ದರು, ಫೋನಿನಲ್ಲಿ ಊರಿನವರೊಡನೆ ಮಾತಾಡುತ್ತಿದ್ದರು. ಅದು ಚೆನ್ನಾಗಿ ಕಾಣುವುದಿಲ್ಲ ಎನ್ನುವುದು ಕಮಿಟಿಯ ಅಭಿಪ್ರಾಯ.

ಚಹಾದ ಕಪ್ಪುಗಳನ್ನು ಹಿಡಿದು ನಾನು ಒಳಗೆ ಬರುವ ಹೊತ್ತಿಗೆ ಮೈಕು ಕರಕರ ಎನ್ನುತ್ತಿತ್ತು. ಒಂದು ಕಪ್ಪನ್ನು ಯಜಮಾನರ ಕೈಗೆ ಕೊಟ್ಟೆ. "...ಸಹಮತ್ ಹೈಂ, ವೇ ಹಾಥ್ ಉಠಾಯೇಂ" ಎಂದು ಕೇಳಿಸಿತು, ಒಪ್ಪುವವರು ಕೈ ಎತ್ತಿ ಎಂದು. ಅಯ್ಯೋ ತಡವಾಯಿತು ಎಂದುಕೊಂಡು, ಕೂರುವ ಮೊದಲೇ ಖಾಲಿಯಾದ ಕೈಯನ್ನು ಮೇಲೆತ್ತಿದೆ.

ಮುಂದಿನ ಸಾಲಿನ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಎದ್ದಿದ್ದುದು ನನ್ನ ಕೈ ಒಂದೇ. ಸಹಮತದವರ ಕೈ ಅಷ್ಟು ಹೊತ್ತಿಗಾಗಲೇ ಎದ್ದು ಇಳಿದಿತ್ತು. ಈಗ ಅವರು ಕೇಳಿದ್ದು "ಅಸಹಮತ್". ಮೊದಲಿನ 'ಅ' ಅಕ್ಷರವನ್ನು ಮೈಕು ನುಂಗಿಬಿಟ್ಟಿತ್ತು.

"ಭಾಭೀಜೀ?" ಎಂದರು ಸೆಕ್ರೆಟರಿ. ಬೈಗುಳದ ದನಿಯಲ್ಲ. ಹುಷಾರಿಲ್ಲವೇ ಎಂದು ವಿಚಾರಿಸುವ ದನಿ.

ಏನಾಗಿದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಯಾರೋ "ಒಂದು ವಿರೋಧ, ಬರೆದುಕೊಳ್ಳಿ" ಎಂದರು. ಮುಂದಿನ ವಿಷಯ ಶುರುವಾಯಿತು. ನನ್ನ ಕೈ ಹೌದು ಎಂದಿತ್ತು, ಸಭೆಗೆ ಇಲ್ಲ ಎಂದು ಕೇಳಿತ್ತು. ಮನಸ್ಸು ಮಾತ್ರ ಆ ವಿಷಯವನ್ನು ಇನ್ನೂ ಯೋಚಿಸಿಯೇ ಇರಲಿಲ್ಲ.

ಮನೆ ಬಾಗಿಲು ಹಾಕಿದ ಮೇಲೆ ಯಜಮಾನರು ಕೇಳಿದರು. "ಅಲ್ವೇ, ಏನಾಗಿತ್ತು ನಿಂಗೆ?"

"ಸಹಮತ್ ಅಂತ ಕೇಳಿಸ್ತು ರೀ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. "ಹೋಗ್ಲಿ ಬಿಡು. ನಾಳೆ ಹೋಗಿ ಗಲತಿ ಆಯ್ತು ಅಂತ ಹೇಳಿಬಿಡು. ಸರ್ಕಾರವೇ ತಿದ್ದುಪಡಿ ಹೊರಡಿಸುತ್ತೆ, ನಿಂದೇನು ದೊಡ್ಡದು" ಎಂದರು. ಹಾಗೇ ಮಾಡುವುದೆಂದು ನಾನೂ ಅಂದುಕೊಂಡೆ.

ಮರುದಿನ ಬೆಳಗ್ಗೆ ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಬಂದಳು. ಬಂಗಾಳದ ಕಡೆಯವಳು, ನನಗಿಂತ ಚಿಕ್ಕವಳು, ಮಾತು ಕಡಿಮೆ. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಅವಳು ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆ, ಆಗ ನಿಜ ಹೇಳುವುದು ಹೇಗೆ ಎಂದು ನಾನು ಅಡುಗೆಮನೆಯಲ್ಲಿ ಒಳಗೊಳಗೇ ಒದ್ದಾಡುತ್ತಿದ್ದೆ. ಅವಳು ಪಾತ್ರೆ ತೊಳೆಯುತ್ತಾ, ನನ್ನ ಕಡೆ ನೋಡದೆಯೇ ಹೇಳಿದಳು. "ದೀದಿ, ನೀವು ಯಾಕೆ ಹಾಗೆ ಮಾಡಿದಿರಿ?"

"ಯಾಕೆ, ಏನಾಯ್ತು?"

"ಗೇಟಿನಲ್ಲಿ ನನ್ನನ್ನು ಕೇಳಿದರು, ಅವರ ಮನೆಯಲ್ಲಿ ಕೆಲಸ ಮಾಡುವವಳು ನೀನೇನಾ ಅಂತ. ನಾನೇ ನಿಮಗೆ ಹೇಳಿಕೊಟ್ಟಿದ್ದೇನೆ ಅಂದುಕೊಂಡಿದ್ದಾರೆ. ಬೇರೆ ಮನೆಯ ಮ್ಯಾಡಂ ಕೂಡ ಕೇಳಿದರು." ನಲ್ಲಿ ನಿಲ್ಲಿಸಿದಳು. "ಬೆಂಚು ಹೋದರೆ ಹೋಗಲಿ, ದೀದಿ. ಬೆಂಚಿಗೋಸ್ಕರ ಯಾರು ಜಗಳ ಮಾಡುತ್ತಾರೆ?"

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಮಾಡದೆ ಇದ್ದ ಉಪಕಾರಕ್ಕೆ ನಾನು ಅವಳಿಂದ ಕೃತಜ್ಞತೆ ನಿರೀಕ್ಷಿಸಿದ್ದೆ ಎನ್ನುವುದು ಆಗ ಗೊತ್ತಾಯಿತು. ಇಂದೇ ಹೋಗಿ ಸರಿಮಾಡುತ್ತೇನೆ, ಅವಳಿಗೂ ತೊಂದರೆ ಬೇಡ ಎಂದುಕೊಂಡೆ.

ನಾನು ಹೋಗಬೇಕಾಗಲಿಲ್ಲ, ಸಂಜೆ ಸೆಕ್ರೆಟರಿಯವರೇ ಬಂದರು. ಬರುವಾಗ ತಮ್ಮ ಬಾಲ್ಕನಿಯಲ್ಲಿ ಬೆಳೆದ ಕರಿಬೇವಿನ ಎಲೆ ತಂದಿದ್ದರು. "ನಿಮ್ಮ ಸಾಂಬಾರಿಗೆ" ಎಂದರು. ಯಜಮಾನರು ಕೂರಿಸಿ ಮಾತಾಡಿಸಿದರು. ಚಹಾ ಕುಡಿದ ಮೇಲೆ ಅವರು ನಿಧಾನವಾಗಿ ವಿಷಯಕ್ಕೆ ಬಂದರು. ಈ ಸೊಸೈಟಿ ಶುರುವಾದಾಗಿನಿಂದ ಒಂದು ಪ್ರಸ್ತಾವಕ್ಕೂ ವಿರೋಧ ಬಂದಿಲ್ಲ. ಅದು ನಮ್ಮೆಲ್ಲರ ಹೆಮ್ಮೆ. ಒಂದು ಕೈಯಿಂದ ತೀರ್ಮಾನವೇನೂ ಬದಲಾಗುವುದಿಲ್ಲ. ಆದರೆ ಸರ್ವಸಮ್ಮತಿ ಎಂದು ಬರೆಯಲಾಗದು. "ಏನೋ ಗಲತ್‌ಫಹಮಿ, ತಪ್ಪು ತಿಳಿವಳಿಕೆ ಆಗಿರಬೇಕು, ಅಲ್ಲವೇ ಭಾಭೀಜೀ?"

ಹೌದು ಎನ್ನಲು ಬಾಯಿ ತೆರೆದೆ. ಯಜಮಾನರು ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಸೆಕ್ರೆಟರಿ ಇನ್ನಷ್ಟು ಸುಲಭ ಮಾಡಿಕೊಡಲು, ತೀರಾ ಪ್ರೀತಿಯಿಂದಲೇ ಸೇರಿಸಿದರು. "ನೀವು ಸೌತ್‌ನವರು. ಶುದ್ಧ ಹಿಂದಿಯ ಶಬ್ದಗಳು ನಿಮ್ಮವರಿಗೆ ಎಲ್ಲಿ ಅರ್ಥವಾಗಬೇಕು? ಅದರಲ್ಲಿ ನಾಚಿಕೆ ಏನಿಲ್ಲ."

ನಡೆದದ್ದೂ ಅದೇ, ಸ್ವಲ್ಪ ಹೆಚ್ಚುಕಡಿಮೆ. ನಾನು ತಪ್ಪಾಗಿಯೇ ಕೇಳಿಸಿಕೊಂಡಿದ್ದೆ. ಆದರೂ "ನಿಮ್ಮವರಿಗೆ" ಎನ್ನುವ ಮಾತು ಚುಚ್ಚಿತು. ಬಟಾಣಿ ಸುಲಿದ ಅಷ್ಟು ಚಳಿಗಾಲಗಳು, ಅಷ್ಟು ಉಪವಾಸಗಳು, ಕನಸಿನಲ್ಲೂ ಬರುವ ಹಿಂದಿ.

"ನನಗೆ ಹಿಂದಿ ಚೆನ್ನಾಗಿ ಅರ್ಥವಾಗುತ್ತದೆ, ಭಾಯಿಸಾಬ್," ಎಂದೆ. "ಗಲತ್‌ಫಹಮಿ ಏನಿಲ್ಲ. ನಾನು ಅಸಹಮತ್."

ಯಜಮಾನರ ಕೈಯಲ್ಲಿದ್ದ ಬಿಸ್ಕತ್ತು ಚಹಾದಲ್ಲಿ ಮುರಿದು ಬಿತ್ತು.

ಸೆಕ್ರೆಟರಿ ಹೋದ ಮೇಲೆ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಬರೆಯುವುದಿಲ್ಲ. "ಸುಳ್ಳು ಯಾಕೆ ಹೇಳಿದೆ?" ಎಂದು ಅವರು. "ಸುಳ್ಳಲ್ಲ" ಎಂದು ನಾನು. "ಹಾಗಾದರೆ ನಿನ್ನೆ ನಕ್ಕಿದ್ದು ಯಾತಕ್ಕೆ?" ನಾನು ಆ ನಿಯಮಕ್ಕೆ ವಿರೋಧವೇ? ಇರಬಹುದು. ಆ ಹೆಂಗಸರು ಬೆಂಚಿನ ಮೇಲೆ ಕೂತರೆ ನನಗೇನೂ ಆಗುತ್ತಿರಲಿಲ್ಲ. ಹಾಗೆಂದು, ಮೈಕು ಸರಿಯಾಗಿದ್ದಿದ್ದರೆ ನಾನು ಅವರ ಪರವಾಗಿ ನಿಲ್ಲುತ್ತಿರಲೂ ಇಲ್ಲ. ನಾನು ಈಗ ನಿಂತದ್ದು ಅವರಿಗಾಗಿಯೋ ನನ್ನ ಹಿಂದಿಗಾಗಿಯೋ ಎಂದು ಯಾರಾದರೂ ಕೇಳಿದ್ದರೆ ತಡವರಿಸುತ್ತಿದ್ದೆ.

ಯಾರೂ ಕೇಳಲಿಲ್ಲ. ಗುರುಗ್ರಾಮದಲ್ಲಿ ಕೆಲಸ ಮಾಡುವ ಮಗಳಿಗೆ ಫೋನು ಮಾಡಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಅಮ್ಮಾ, ಯೂ ಆರ್ ಟೂ ಗುಡ್! ನಾನು ತೋ ಆಫೀಸಲ್ಲಿ ಎಲ್ಲರಿಗೂ ಹೇಳ್ತೀನಿ."

"ಏನಂತ ಹೇಳ್ತೀಯೇ? ಕೈ ಎತ್ತಿದ್ದು ತಪ್ಪಾಗಿ."

"ಸೋ ವಾಟ್? ಆಮೇಲೆ ಇಳಿಸಿಲ್ಲ ನಾ? ಬಸ್."

ಸಾಕು ಎನ್ನುವ ಆ "ಬಸ್" ಕೇಳಿ ನನಗೆ ಸಮಾಧಾನವಾಗಬೇಕಿತ್ತು, ಗಲಿಬಿಲಿ ಇನ್ನೂ ಹೆಚ್ಚಾಯಿತು.

ಸೊಸೈಟಿಯಲ್ಲಿ ನನ್ನನ್ನು ಯಾರೂ ಬಹಿಷ್ಕರಿಸಲಿಲ್ಲ. ಅಂಥದ್ದು ಏನೂ ಆಗಲಿಲ್ಲ. ಬೆಳಗಿನ ವಾಕಿಂಗ್ ಹೆಂಗಸರು ನಾನು ಹತ್ತಿರ ಬಂದಾಗ ಮೊದಲಿಗಿಂತ ಹೆಚ್ಚು ವಿನಯದಿಂದ ಜಾಗ ಬಿಡುತ್ತಿದ್ದರು, ಅಷ್ಟೇ. ಅವರ ಮಾತು ಒಮ್ಮೆಲೇ ಹವಾಮಾನದ ಕಡೆ ತಿರುಗುತ್ತಿತ್ತು. ಲಿಫ್ಟಿನಲ್ಲಿ ಒಬ್ಬಾಕೆ, ಬಾಗಿಲು ಮುಚ್ಚಿದ ಮೇಲೆ, ನನ್ನ ಮೊಣಕೈ ಒತ್ತಿ ಪಿಸುಗುಟ್ಟಿದರು. "ಒಳ್ಳೆಯ ಕೆಲಸ ಮಾಡಿದಿರಿ. ನನಗೂ ಮನಸ್ಸಿತ್ತು." ಬಾಗಿಲು ತೆರೆದಾಗ ಹೊರಗೆ ಜನ ಇದ್ದರು. ಆಕೆ ಫೋನು ನೋಡುತ್ತಾ ಹೊರಟುಹೋದರು.

ಅದಕ್ಕಿಂತ ವಿಚಿತ್ರವೆಂದರೆ, ಕಮಿಟಿಯ ಮೇಲೆ ಯಾವ ಸಿಟ್ಟಿದ್ದರೂ ಜನ ನನ್ನನ್ನು ಹುಡುಕಿಕೊಂಡು ಬರತೊಡಗಿದರು. ಬಾಲ್ಕನಿಗೆ ಗಾಜು ಹಾಕಿ ಇನ್ನೊಂದು ರೂಮು ಮಾಡಿಕೊಳ್ಳಬೇಕಾದವರೊಬ್ಬರು, ಮಕ್ಕಳ ಕ್ರಿಕೆಟ್ಟನ್ನೇ ನಿಲ್ಲಿಸಬೇಕೆನ್ನುವ ಇನ್ನೊಬ್ಬರು. "ನೀವು ಮುಂದಾಳಾಗಿ, ನಾವು ನಿಮ್ಮ ಹಿಂದೆ ಇದ್ದೇವೆ" ಎನ್ನುವರು. ನನಗೆ ಅವರ ಯಾವ ಮಾತೂ ಒಪ್ಪಿಗೆಯಿರಲಿಲ್ಲ. ಯಜಮಾನರು ಒಳಗಿನಿಂದ "ವಿರೋಧ ಪಕ್ಷದ ನಾಯಕಿ ಮನೇಲಿದ್ದಾರಾ ನೋಡಿ" ಎಂದು ಗೊಣಗುತ್ತಿದ್ದರು.

ಪಕ್ಕದ ಟವರಿನಲ್ಲಿ ಕನ್ನಡದವನೇ ಆದ ಒಬ್ಬ ಯುವಕ ಇದ್ದಾನೆ. ಐಟಿ ಕೆಲಸ, ಹೆಂಡತಿಯೂ ಅದೇ. ಯುಗಾದಿಗೆ ನಮ್ಮ ಮನೆಗೇ ಊಟಕ್ಕೆ ಬರುವುದು ಅವರ ಪದ್ಧತಿ. ಅವನು ಒಂದು ಸಂಜೆ ಪಾರ್ಕಿಂಗಿನಲ್ಲಿ ಸಿಕ್ಕ.

"ಆಂಟಿ, ಬೇಜಾರು ಮಾಡ್ಕೋಬೇಡಿ, ಒಂದು ಮಾತು."

"ಹೇಳಪ್ಪ."

"ಇಲ್ಲಿ ನಾವಿರೋದೇ ಬೆರಳೆಣಿಕೆ ಮನೆ. ನಮಗ್ಯಾಕೆ ಆಂಟಿ ಇದೆಲ್ಲ? ಅವರ ಊರು, ಅವರ ಪದ್ಧತಿ. ನಿಮ್ಮ ಒಬ್ಬರಿಂದ ಈಗ 'ಸೌತ್‌ವಾಲೇ' ಅಂತ ಎಲ್ಲರ ಹೆಸರೂ ಕೆಡತ್ತೆ."

"ಅವರ ಊರು ಅಂದ್ರೆ ಯಾರ ಊರಪ್ಪ? ಸೆಕ್ರೆಟರಿ ಲಕ್ನೋದವರು, ಪ್ರೆಸಿಡೆಂಟು ಜಮ್ಮುವಿನವರು."

ಅವನು ನಕ್ಕ, ಆದರೆ ಒಪ್ಪಲಿಲ್ಲ. ಅವನು ಹೇಳಿದ್ದರಲ್ಲಿ ನಾನು ಆರ್.ಕೆ.ಪುರಂನಲ್ಲಿ ನನಗೇ ಹೇಳಿಕೊಳ್ಳುತ್ತಿದ್ದ ಮಾತೇ ಇತ್ತು. ಆಗ ಅದು ಬುದ್ಧಿವಂತಿಕೆ ಎನಿಸಿತ್ತು. ಈಗ ಅವನ ಬಾಯಲ್ಲಿ ಕೇಳಿದಾಗ ಹೆದರಿಕೆಯಂತೆ ಕಂಡಿತು. ಆದರೂ ಅವನು ತಪ್ಪು ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಬೆಂಚಿನ ಪಕ್ಕ ಹಸಿರು ಬೋರ್ಡು ಬಂತು. ಹೆಂಗಸರು ಮಧ್ಯಾಹ್ನ ಗೇಟಿನ ಹೊರಗೆ, ಚಹಾದ ಗಾಡಿಯ ಹತ್ತಿರದ ಕಟ್ಟೆಯ ಮೇಲೆ ಕೂರತೊಡಗಿದರು. ನಾನು ನಮ್ಮ ಮನೆಗೆಲಸದವಳಿಗೆ, "ನೀನು ಇಲ್ಲೇ ಕೂತು ಊಟ ಮಾಡು, ಫ್ಯಾನ್ ಇದೆ" ಎಂದೆ. ಒಂದು ದಿನ ಕೂತಳು. ಕುರ್ಚಿ ಕೊಟ್ಟರೆ ಬೇಡವೆಂದು ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ, ಬೇಗಬೇಗ ತಿಂದಳು. ನಾನು ಹಾಲ್‌ನಲ್ಲಿ ಟಿವಿ ಸದ್ದು ಕಡಿಮೆ ಮಾಡಿ ಕೂತೆ. ಮರುದಿನ ಅವಳು ಕೆಲಸ ಮುಗಿಸಿ ಡಬ್ಬಿ ಎತ್ತಿಕೊಂಡು ಹೊರಟಳು.

"ಯಾಕೆ, ಇಲ್ಲಿ ಊಟ ಮಾಡಲ್ವಾ?"

"ಅಲ್ಲಿ ನಮ್ಮವರೆಲ್ಲ ಇರುತ್ತಾರೆ, ದೀದಿ," ಎಂದಳು. "ಇಲ್ಲಿ ಕೂತರೂ ಕೆಲಸದಲ್ಲಿ ಇದ್ದ ಹಾಗೇ ಅನಿಸುತ್ತದೆ."

ಚಳಿ ಶುರುವಾದಾಗ ಮತ್ತೊಂದು ಮೀಟಿಂಗು, ಈ ಸಲ ಪಾರ್ಕಿನಲ್ಲೇ, ಬಿಸಿಲಿಗೆ. ಯಜಮಾನರು ಹೊರಡುವ ಮೊದಲು, "ಈ ಸಲ ಚಹಾ ನಾನು ತರ್ತೀನಿ" ಎಂದರು. ಪ್ರತಿ ವಿಷಯಕ್ಕೂ ಸೆಕ್ರೆಟರಿಯ ಕಣ್ಣು ಮೊದಲು ನನ್ನ ಕಡೆ ಬರುತ್ತಿತ್ತು, ಜನರ ಕಣ್ಣೂ. ಸೊಳ್ಳೆ ಔಷಧಿ ಹೊಡೆಸುವ ವಿಷಯಕ್ಕೆ ನಾನು ಕೈ ಎತ್ತಿದಾಗ ಹಲವರು ನೆಮ್ಮದಿಯಿಂದ ಉಸಿರು ಬಿಟ್ಟರು. ಒಬ್ಬಿಬ್ಬರಿಗೆ ನಿರಾಸೆಯೂ ಆದಂತೆ ಕಂಡಿತು.

ಕೊನೆಗೆ ಬೆಂಚಿನ ವಿಷಯ ಬಂತು. ನನಗೆ ಆಶ್ಚರ್ಯವಾಯಿತು, ಕಮಿಟಿಯೇ ಅದನ್ನು ವಾಪಸು ತೆಗೆದುಕೊಳ್ಳಲು ಹೊರಟಿತ್ತು. ಹೆಂಗಸರು ಗೇಟಿನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರುವಾಗ ಗಾರ್ಡು ಪ್ರತಿ ಸಲ ತಪಾಸಣೆ ಮಾಡುತ್ತಾನೆ, ಸಾಲು ಉದ್ದವಾಗುತ್ತದೆ, ಮಧ್ಯಾಹ್ನದ ಕೆಲಸಕ್ಕೆ ಎಲ್ಲ ಮನೆಗೂ ತಡವಾಗುತ್ತಿದೆ. ಆದ್ದರಿಂದ ಅವರು ಒಳಗೇ ಕೂರುವುದು ನಮಗೇ ಅನುಕೂಲ. ಯಾರೂ ವಾದಿಸಲಿಲ್ಲ. ಮಳೆಗಾಲದಲ್ಲಿ "ಚೆನ್ನಾಗಿ ಕಾಣುವುದಿಲ್ಲ" ಎಂದಿದ್ದವರೇ ಈಗ "ಪಾಪ, ಅವರೂ ಮನುಷ್ಯರಲ್ಲವೇ" ಎಂದರು. ಎರಡು ಸಲವೂ ಅವರು ಮನಸ್ಸಿನಿಂದಲೇ ಹೇಳಿದ ಹಾಗೆ ನನಗೆ ಕಂಡಿತು.

"ಸಹಮತ್?" ಎಂದರು ಸೆಕ್ರೆಟರಿ, ಒಂದೊಂದು ಅಕ್ಷರ ಬಿಡಿಸಿ, ನನ್ನ ಕಡೆ ನಗುತ್ತಾ.

ಸುತ್ತಲೂ ಕೈಗಳು ಎದ್ದವು. ನಾನು ಎತ್ತಬೇಕಿತ್ತು. ನಾನು ಹಟ ಹಿಡಿದು ಕೂತಿದ್ದ ಮಾತಿಗೇ ಊರೆಲ್ಲ ಬಂದಿತ್ತು. ಆದರೆ ಯಾಕೋ ನಾನು ಎದ್ದು ನಿಂತೆ. "ಅವರನ್ನು ಯಾರಾದರೂ ಕೇಳಿದ್ದೀರಾ?" ಎಂದೆ.

"ಯಾರನ್ನು?"

"ಆ ಹೆಂಗಸರನ್ನು. ಅವರಿಗೆ ಎಲ್ಲಿ ಕೂರಬೇಕು ಅಂತ."

ಸೆಕ್ರೆಟರಿ ನಿಜವಾಗಿಯೂ ನೊಂದ ದನಿಯಲ್ಲಿ ಹೇಳಿದರು. "ಭಾಭೀಜೀ, ಇದು ಅವರ ಪರವಾಗಿಯೇ ಇದೆ. ನಿಮ್ಮ ಮಾತೇ ಗೆದ್ದಿದೆ. ಇನ್ನೇನು ಬೇಕು?" ಹಿಂದಿನಿಂದ ಯಾರೋ, "ಇವರಿಗೆ ಅಸಹಮತಿಯೇ ಅಭ್ಯಾಸ" ಎಂದರು. ನಗು ಎದ್ದಿತು. ಕೆಟ್ಟ ನಗುವಲ್ಲ, ಮನೆಯ ಮುದುಕಿಯ ಹಟಕ್ಕೆ ಮಕ್ಕಳು ನಗುವ ಹಾಗೆ. ನಾನೂ ನಕ್ಕು ಕೂತೆ. ಸರ್ವಸಮ್ಮತಿ ಎಂದು ಘೋಷಿಸಿ ಚಪ್ಪಾಳೆ ತಟ್ಟಿದರು. ಲಿಫ್ಟಿನಲ್ಲಿ ಪಿಸುಗುಟ್ಟಿದ್ದ ಹೆಂಗಸು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು.

ಮನೆಗೆ ಬರುವಾಗ ಯಜಮಾನರು ಕೇಳಿದರು. "ಈಗ ಯಾಕೆ ಎದ್ದೆ? ಎಲ್ಲ ನಿನ್ನ ಕಡೇನೇ ಆಯ್ತಲ್ಲ."

"ಗೊತ್ತಿಲ್ಲ ರೀ."

"ಇದೂ ತಪ್ಪಿ ಆಗಿದ್ದಾ?"

"ಇಲ್ಲ. ಇದು ತಪ್ಪಿ ಆಗಿದ್ದಲ್ಲ. ಆದ್ರೆ ಯಾಕೆ ಅಂತ ಗೊತ್ತಿಲ್ಲ."

ಅವರು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದರು. ಅಷ್ಟು ವರ್ಷದ ಸಂಸಾರದಲ್ಲಿ ಆ ನೋಟ ನನಗೆ ಹೊಸದು. ಹಿತವಾಯಿತೋ ಭಯವಾಯಿತೋ ಹೇಳಲಾರೆ.

ಬೋರ್ಡು ತೆಗೆದರು. ವಿಷಯ ಹೇಳಿದಾಗ ನಮ್ಮ ಮನೆಗೆಲಸದವಳು "ಅಚ್ಛಾ" ಎಂದು ನೆಲ ಒರೆಸುವುದನ್ನು ಮುಂದುವರಿಸಿದಳು. ಬೆಂಚುಗಳು ಮಧ್ಯಾಹ್ನ ಖಾಲಿಯಾಗಿಯೇ ಉಳಿದವು. ಸೊಸೈಟಿಯ ಗ್ರೂಪಿನಲ್ಲಿ "ಇಷ್ಟು ಮಾಡಿಕೊಟ್ಟರೂ ಬರುವುದಿಲ್ಲ" ಎಂದು ಯಾರೋ ಬರೆದರು. ಅದಕ್ಕೆ ಅನೇಕರು ಮೆಚ್ಚುಗೆಯ ಹೆಬ್ಬೆರಳಿನ ಚಿತ್ರ ಒತ್ತಿದರು.

ಕೆಲವು ದಿನಗಳ ಮೇಲೆ ನಾನು ಕೊತ್ತಂಬರಿ ತರಲು ಗೇಟಿನ ಹೊರಗೆ ಹೋದೆ. ಹೆಂಗಸರೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂತು, ಶಾಲು ಹೊದ್ದು, ಚಹಾದ ಲೋಟ ಹಿಡಿದು, ತಮ್ಮ ಭಾಷೆಯಲ್ಲಿ ಜೋರಾಗಿ ಮಾತಾಡುತ್ತಿದ್ದರು. ನಮ್ಮ ಮನೆಗೆಲಸದವಳು ಅಲ್ಲಿ ಬಾಯ್ತುಂಬ ನಗುತ್ತಿದ್ದಳು. ಅವಳು ಅಷ್ಟು ಮಾತಾಡುತ್ತಾಳೆಂದೇ ನನಗೆ ಗೊತ್ತಿರಲಿಲ್ಲ. ನನ್ನನ್ನು ಕಂಡು ಮಾತು ತಗ್ಗಿತು. ಒಬ್ಬಾಕೆ ಸ್ವಲ್ಪ ಪಕ್ಕಕ್ಕೆ ಸರಿದಳು. ಅದು ನನಗೆ ಜಾಗ ಮಾಡಿದ್ದೋ, ಹಾಗೇ ಸರಿದದ್ದೋ ತಿಳಿಯಲಿಲ್ಲ. ಕೂರಬೇಕೇ, ನಿಂತೇ ಎರಡು ಮಾತಾಡಬೇಕೇ, ಹೊರಟುಬಿಡಬೇಕೇ? ಕೊತ್ತಂಬರಿ ಕಟ್ಟು ಹಿಡಿದು ಅಲ್ಲೇ ನಿಂತಿದ್ದೆ.

"ಏನಾದರೂ ಬೇಕಿತ್ತಾ, ದೀದಿ?" ಎಂದು ಅವಳು ಕೇಳಿದಳು.

"ಇಲ್ಲ, ಸುಮ್ಮನೆ" ಎಂದೆ.

"ಚಳಿ ಇದೆ, ಮನೆಗೆ ಹೋಗಿ. ನಾನು ಈಗ ಬರುತ್ತೇನೆ."

ನಾನು ಹೊರಟೆ. ಹಿಂದೆ ಮತ್ತೆ ನಗು ಎದ್ದಿತು. ನನ್ನ ಬಗ್ಗೆ ಇರಬಹುದು, ಇಲ್ಲದೆಯೂ ಇರಬಹುದು. ಆ ಭಾಷೆ ನನಗೆ ಬರುವುದಿಲ್ಲ.